ರಾತ್ರಿಯ ಕಥೆಗೆ ಸೂರ್ಯೋದಯ ಏಕೆ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ಶಾಲೆಯ ಕೆಲಸದಿಂದ ಬಿಡುವಾದಾಗ ಕಥೆ ಬರೆಯುತ್ತೇನೆ. ಎರಡು ವರ್ಷಗಳಲ್ಲಿ ನಾಲ್ಕು ಕಥೆಗಳನ್ನು ಪತ್ರಿಕೆಗಳಿಗೆ ಕಳುಹಿಸಿದೆ, ನಾಲ್ಕೂ ವಾಪಸ್ ಬಂದವು. ಒಬ್ಬ ಸಂಪಾದಕರು ಮಾತ್ರ ‘ಆರಂಭ ಸಪ್ಪೆ, ಮೂರನೆಯ ಪುಟದಿಂದ ಚೆನ್ನಾಗಿದೆ’ ಎಂದು ಒಂದು ಸಾಲು ಬರೆದಿದ್ದರು. ಮೊದಲ ವಾಕ್ಯದಲ್ಲೇ ಓದುಗನನ್ನು ಹಿಡಿದು ಕೂರಿಸುವುದು ಹೇಗೆ? ಮಾತುಕತೆಯಿಂದ ಶುರು ಮಾಡಬೇಕೇ, ವರ್ಣನೆಯಿಂದಲೇ, ಒಂದು ಸಾವಿನಿಂದಲೇ? ಬೆಲ್ಲ ಮಾಡುವ ನಮ್ಮ ಆಲೆಮನೆಯನ್ನು ಅಪ್ಪ ಮುಚ್ಚಿದ ರಾತ್ರಿಯ ಬಗ್ಗೆ ನಾನು ಬರೆದ ಕಥೆಯನ್ನು ಜೊತೆಗೆ ಇಟ್ಟಿದ್ದೇನೆ. ಅವತ್ತು ಅಪ್ಪ ಒಂದು ಮಾತೂ ಆಡಲಿಲ್ಲ, ಹದ ಮಾತ್ರ ನನ್ನ ಕೈಯಲ್ಲಿ ನೋಡಿಸಿದ. ಅದನ್ನೇ ಕಥೆ ಮಾಡಲು ಹೊರಟೆ.

ಉತ್ತರ: ಆ ಸಂಪಾದಕರ ಒಂದು ಸಾಲನ್ನು ಜೋಪಾನವಾಗಿ ಇಟ್ಟುಕೊಳ್ಳಿ. ವಾಪಸ್ ಕಳುಹಿಸುವ ಕಥೆಗೆ ಕಾರಣ ಬರೆಯುವಷ್ಟು ಪುರುಸೊತ್ತು ಇರುವವರು ಅಪರೂಪ. ಅವರು ಹೇಳಿದ್ದು ನಿಜವೂ ಹೌದು. ನಿಮ್ಮ ಕಥೆಗೆ ಒಳ್ಳೆಯ ಆರಂಭ ಇದೆ. ಅದು ಮೂರನೆಯ ಪುಟದ ಮಧ್ಯದಲ್ಲಿ, ಎರಡೂವರೆ ಪುಟಗಳ ಕೆಳಗೆ ಸಿಕ್ಕಿಕೊಂಡಿದೆ.

ಮೊದಲು ಆ ಎರಡೂವರೆ ಪುಟಗಳ ಮಾತು. ನೀವು ಶುರು ಮಾಡಿರುವುದು ಹೀಗೆ:

“ಅಂದು ಮುಂಜಾನೆ ಬಾಲಸೂರ್ಯನು ತನ್ನ ಹೊಂಗಿರಣಗಳನ್ನು ಹಚ್ಚಹಸಿರು ಕಬ್ಬಿನ ಗದ್ದೆಗಳ ಮೇಲೆ ಚೆಲ್ಲುತ್ತಾ ಮೂಡಣದಲ್ಲಿ ಉದಯಿಸುತ್ತಿದ್ದನು. ಹಕ್ಕಿಗಳ ಕಲರವ ಕಿವಿಗೆ ಇಂಪಾಗಿತ್ತು. ಬೆಂಗಳೂರಿನ ಹೆಸರಾಂತ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ, ಮೂರು ವರ್ಷಗಳಿಂದ ಹುಟ್ಟೂರಿನ ಮುಖ ನೋಡದಿದ್ದ, ತಂದೆಯವರೊಂದಿಗೆ ಮನಸ್ತಾಪ ಮಾಡಿಕೊಂಡಿದ್ದ ಸುರೇಶನು ಬಸ್ಸಿನಿಂದ ಇಳಿದನು.”

ಕಥೆ ನಡೆಯುವುದು ಒಂದು ರಾತ್ರಿ. ಕೊನೆಯ ಸಲ ಗಾಣ ತಿರುಗಿ, ಕೊನೆಯ ಕೊಪ್ಪರಿಗೆ ಇಳಿದು, ಒಲೆ ಆರುವುದರೊಳಗೆ ಎಲ್ಲ ಮುಗಿಯುತ್ತದೆ. ಈ ಕಥೆಯಲ್ಲಿ ಸೂರ್ಯನಿಗೆ ಮಾಡಲು ಒಂದೇ ಒಂದು ಕೆಲಸವಿಲ್ಲ. ಆದರೂ ಬಂದಿದ್ದಾನೆ. ಕರೆಯದಿದ್ದರೂ ಬರುವ ನೆಂಟ ಅವನು. ನಾನು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಪ್ರತಿ ವರ್ಷ ಕಥಾಸ್ಪರ್ಧೆಯೊಂದರ ಕಟ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ಓದುತ್ತೇನೆ. ಸಂಜೆ ಕಾಫಿ ತಂದಿಡುವಾಗ ನನ್ನ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: “ಇವತ್ತು ಎಷ್ಟು ಸೂರ್ಯ?” ಸೂರ್ಯ ಇಲ್ಲದಿದ್ದರೆ ಧೋ ಎಂದು ಸುರಿಯುವ ಮಳೆ, ಅದೂ ಇಲ್ಲದಿದ್ದರೆ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು ಹಳೆಯದನ್ನು ನೆನೆಯುವ ಬಸ್ ಪ್ರಯಾಣ.

ಇದು ನಿಮ್ಮ ಸೋಮಾರಿತನ ಎಂದು ನಾನು ಹೇಳುವುದಿಲ್ಲ. ಈ ಸೂರ್ಯನಿಗೆ ದೊಡ್ಡ ವಂಶಾವಳಿಯೇ ಇದೆ. ಮಹಾಕಾವ್ಯ ಎನ್ನಿಸಿಕೊಳ್ಳಬೇಕಾದರೆ ಅಷ್ಟಾದಶ ವರ್ಣನೆಗಳು ಇರಬೇಕು ಎನ್ನುವುದು ಹಳೆಯ ಲಕ್ಷಣಕಾರರ ನಿಯಮ. ಪಟ್ಟಣ, ಕಡಲು, ಬೆಟ್ಟ, ಋತು, ಚಂದ್ರೋದಯ, ಸೂರ್ಯೋದಯ ಎಲ್ಲವೂ ಆ ಹದಿನೆಂಟರಲ್ಲಿವೆ. ದೇವರ ಸ್ತುತಿ, ಪೂರ್ವಕವಿಗಳ ಸ್ಮರಣೆ, ಊರಿನ ವರ್ಣನೆ ಆದಮೇಲೆ ಕಥೆ. ಅದು ಕೇಳುವ ಜನ ಎದುರಿಗೆ ಕುಳಿತಿದ್ದ ಕಾಲದ ಕ್ರಮ, ಆ ಕಾಲಕ್ಕೆ ಸರಿಯಾಗಿತ್ತು.

ಈಗಲೂ ನಿಮ್ಮ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವಾಗ ಇದನ್ನು ಕಣ್ಣಾರೆ ನೋಡಬಹುದು. ಹಾರ್ಮೋನಿಯಂ ಮೇಷ್ಟರು ಪ್ರಾರ್ಥನೆ ಎತ್ತಿಕೊಂಡಾಗ ಜನ ಇನ್ನೂ ಚಾಪೆ ಹಾಸುತ್ತಿರುತ್ತಾರೆ, ಮಕ್ಕಳನ್ನು ಮಲಗಿಸುತ್ತಿರುತ್ತಾರೆ, ಕಡಲೆಕಾಯಿ ಕೊಳ್ಳುತ್ತಿರುತ್ತಾರೆ. ಪ್ರಾರ್ಥನೆ ನಡೆಯುವುದು ದೇವರಿಗೆ ಎಷ್ಟೋ, ತಡವಾಗಿ ಬರುವವರಿಗೂ ಅಷ್ಟೇ. ರಾತ್ರಿಯಿಡೀ ನಡೆಯುವ ಆಟ ಅವರಿಗಾಗಿ ಅರ್ಧ ಗಂಟೆ ಕಾಯಬಲ್ಲದು. ನಿಮ್ಮ ಕಥೆಯ ಓದುಗ ಹಾಗಲ್ಲ. ಅವನು ಪುಟ ತೆರೆದಾಗಲೇ ಕುಳಿತಾಗಿದೆ, ಚಾಪೆ ಹಾಸಿಯಾಗಿದೆ. ಎದ್ದುಹೋಗುವುದಕ್ಕೂ ಅವನಿಗೆ ಯಾರ ಹಂಗಿಲ್ಲ.

ವರ್ಣನೆಯೇ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅದು ಯಾರ ಕಣ್ಣಿನದು ಎಂದು ಕೇಳಿಕೊಳ್ಳಿ, ಅಷ್ಟೇ. ಆಲೆಮನೆಯಲ್ಲಿ ಬೆಳೆದವನಿಗೆ ಬೆಳಗು ಎಂದರೆ ಹೊಂಗಿರಣವೇ? ಕತ್ತಲಿರುವಾಗಲೇ ಒಲೆ ಹೊತ್ತಿಸಿರುತ್ತಾರೆ. ಒಣಗಿದ ಕಬ್ಬಿನ ಸಿಪ್ಪೆ ತುಂಬುವವನ ಮುಖ ಒಂದು ಕಡೆ ಮಾತ್ರ ಕೆಂಪಾಗಿರುತ್ತದೆ. ಕಬ್ಬಿನ ಹಾಲು ಕುದಿಯಲು ಬಿದ್ದಾಗ ಮೇಲೆ ಬರುವ ಮಡ್ಡಿಯನ್ನು ತೆಗೆದು ತೆಗೆದು ಹಾಕುತ್ತಾರೆ. ಆ ಹೊತ್ತಿಗೆ ಪೂರ್ವದಲ್ಲಿ ಏನಾಗುತ್ತಿದೆ ಎಂದು ನೋಡಲು ಯಾರಿಗೆ ಬಿಡುವು? ‘ಬಾಲಸೂರ್ಯ’ ಎಂದು ಬರೆದವರು ಹೊರಗಿನಿಂದ ಬಂದು ಫೋಟೊ ತೆಗೆದುಕೊಂಡು ಹೋಗುವವರು. ನೀವು ಒಳಗಿನವರು. ನಾಲ್ಕನೆಯ ಪುಟದಲ್ಲಿ ಒಂದು ಕಡೆ ‘ಅವರ ಬಲಗೈಯ ಮೇಲೆ ಕೂದಲೇ ಇರಲಿಲ್ಲ’ ಎಂದು ಬರೆದು ಕಾರಣ ಹೇಳದೆ ಮುಂದೆ ಹೋಗಿದ್ದೀರಿ. ಕೊಪ್ಪರಿಗೆಯ ಝಳದ ಪಕ್ಕದಲ್ಲಿ ಎಷ್ಟು ವರ್ಷ ನಿಂತ ಕೈ ಅದು ಎಂದು ಓದುಗ ತಾನೇ ಲೆಕ್ಕ ಹಾಕುತ್ತಾನೆ. ಆ ವಾಕ್ಯ ಬರೆದ ಕೈ ಸೂರ್ಯನನ್ನು ಏಕೆ ಕರೆಯಿತೋ!

ಇನ್ನು ಸುರೇಶ ಬಸ್ಸಿನಿಂದ ಇಳಿಯುವ ವಾಕ್ಯ. ಇದು ಕನ್ನಡದಲ್ಲಿ ಬರೆಯುವವರಿಗೇ ವಿಶೇಷವಾಗಿ ಅಂಟುವ ರೋಗ. ನಮ್ಮ ಭಾಷೆಯಲ್ಲಿ ಹೆಸರಿನ ಹಿಂದೆ ಎಷ್ಟು ವಿಶೇಷಣಗಳನ್ನು ಬೇಕಾದರೂ ಪೋಣಿಸಬಹುದು. ಮಾಡುತ್ತಿದ್ದ, ನೋಡದಿದ್ದ, ಮಾಡಿಕೊಂಡಿದ್ದ. ವ್ಯಾಕರಣ ಅಡ್ಡಿ ಮಾಡುವುದಿಲ್ಲ. ಕ್ರಿಯಾಪದ ಬರುವುದು ಕೊನೆಯಲ್ಲಿ. ಹೀಗಾಗಿ ಓದುಗ ಮೂರು ಗಂಟುಗಳನ್ನು ತಲೆಯ ಮೇಲೆ ಹೊತ್ತು ಯಾರಿಗಾಗಿ ಹೊತ್ತಿದ್ದೇನೆ ಎಂದೂ ತಿಳಿಯದೆ ನಿಂತಿರುತ್ತಾನೆ. ಕೊನೆಗೆ ಸುರೇಶ ಬರುತ್ತಾನೆ. ಬಂದು ಮಾಡುವುದೇನು? ಬಸ್ಸಿನಿಂದ ಇಳಿಯುತ್ತಾನೆ. ಅಷ್ಟು ಹೊರೆಗೆ ಇಷ್ಟು ಕೂಲಿ ಸಾಲದು. ಕಂಪನಿ, ಮೂರು ವರ್ಷ, ಮನಸ್ತಾಪ ಇವೆಲ್ಲ ಬೇಕು. ಆದರೆ ಓದುಗ ಕೇಳಿದ ಮೇಲೆ ಕೊಡಿ. ಮನಸ್ತಾಪವನ್ನಂತೂ ಹೇಳುವುದೇ ಬೇಡ. ಅಪ್ಪ ತಲೆ ಎತ್ತದೆ ಮಾತನಾಡುವುದರಲ್ಲಿ ಅದು ಬಂದಿದೆ.

ಎರಡನೆಯ ಪುಟದಲ್ಲಿ ಮಂಡ್ಯದ ಚರಿತ್ರೆ ಇದೆ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಆರಂಭಿಸಿದ 1911, ಸಕ್ಕರೆ ಕಂಪನಿ ಸ್ಥಾಪನೆಯಾದ 1933, ಮಂಡ್ಯ ಪ್ರತ್ಯೇಕ ಜಿಲ್ಲೆಯಾದ 1939. ಇಸವಿಗಳು ಸರಿಯಾಗಿವೆ, ಮೇಷ್ಟರು ಎಂಬುದು ಗೊತ್ತಾಗುತ್ತದೆ. ಆದರೆ ಸುರೇಶ ತನ್ನ ಮನೆಯ ಹಾದಿಯಲ್ಲಿ ನಡೆಯುತ್ತಾ ಇಸವಿಗಳನ್ನು ನೆನೆಸಿಕೊಳ್ಳುವ ಮನುಷ್ಯನೇ? ಅಂಕಿಗಳಿಗೆ ಕಥೆಯಲ್ಲಿ ಜಾಗವಿಲ್ಲ ಎಂದೇನಲ್ಲ. ಉದಾಹರಣೆಗೆ, ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನಿಮ್ಮ ಜಿಲ್ಲೆಯಲ್ಲಿ ಇದು ಮಕ್ಕಳಿಗೂ ಬಾಯಿಪಾಠ. ಹಾಗಿರುವಾಗ ‘ಆ ವರ್ಷ ಮಗಳ ಮದುವೆಯ ಮಾತು ಶುರುವಾದಾಗ ಕಟ್ಟೆಯಲ್ಲಿ ನೀರು ನೂರು ಅಡಿ ಇತ್ತು, ಹುಡುಗನ ಕಡೆಯವರು ಒಪ್ಪುವ ಹೊತ್ತಿಗೆ ಎಂಬತ್ತಕ್ಕೆ ಇಳಿದಿತ್ತು’ ಎಂದು ಒಂದು ಕಥೆ ಶುರುವಾದರೆ ಬರಗಾಲ ಎಂಬ ಪದವನ್ನೇ ಬರೆಯಬೇಕಾಗಿಲ್ಲ. ಆ ಅಂಕಿ ಒಂದು ಮನೆಯ ಸಂಕಟದ ಅಳತೆಯಾಗಿದೆ. ಬೀದರಿನ ಓದುಗನಿಗೆ ನೂರಕ್ಕೂ ಎಂಬತ್ತಕ್ಕೂ ಇರುವ ಅಂತರ ಗೊತ್ತಿಲ್ಲದಿದ್ದರೂ ಇಳಿದಿತ್ತು ಎಂಬುದು ಸಾಕು.

ಈಗ ನೀವು ಕೇಳಿದ್ದು: ಮಾತೇ, ವರ್ಣನೆಯೇ, ಸಾವೇ? ಇದರಲ್ಲಿ ಯಾವುದಾದರೂ ಆಗಬಹುದು. ನನ್ನ ಲೆಕ್ಕದಲ್ಲಿ ಆರಂಭ ಎಂದರೆ ಒಬ್ಬ ಮನುಷ್ಯ ಎಂದಿನಂತೆ ಮಾಡದೆ ಬೇರೆ ರೀತಿ ಮಾಡಿದ ಗಳಿಗೆ. ಅದು ದೊಡ್ಡದಾಗಿರಬೇಕಿಲ್ಲ. ನಾನು ಕಮ್ಮಟಗಳಲ್ಲಿ ಕೊಡುವ ಒಂದು ವಾಕ್ಯ ಹೀಗಿದೆ:

“ತೂಬಿನ ಬೀಗ ಒಡೆದಿರುವುದನ್ನು ಎಲ್ಲರಿಗಿಂತ ಮೊದಲು ಕಂಡವನು ನೀರುಗಂಟಿ, ಕಂಡು ಮನೆಗೆ ಹೋಗಿ ಮಲಗಿದ.”

ಬೀಗ ಒಡೆದದ್ದು ಸುದ್ದಿ. ಸುದ್ದಿಯಿಂದ ಕಥೆಯಾಗುವುದಿಲ್ಲ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗುತ್ತದೆ. ಅವನು ಮಲಗಿದ್ದು ಕಥೆ. ನೀರು ಕಾಯುವುದೇ ಅವನ ಕೆಲಸ, ಕೂಗಿ ಊರು ಎಬ್ಬಿಸಬೇಕಾದವನು. ಏಕೆ ಮಲಗಿದ? ಒಡೆದವನು ಅವನ ತಮ್ಮನೇ? ನಾಲೆಯ ಕೊನೆಯ ಭಾಗದ ಗದ್ದೆಗಳಿಗೆ ಸರದಿಯಂತೆ ಬಿಡುವ ಕಟ್ಟು ನೀರು ಮುಟ್ಟಲೇ ಇಲ್ಲವೆಂದು ಅವನಿಗೂ ಹೊಟ್ಟೆ ಉರಿದಿತ್ತೇ? ಇಲ್ಲ, ಬರೀ ಸಾಕಾಗಿತ್ತೇ? ಒಂದು ಕಮ್ಮಟದಲ್ಲಿ ಹದಿನೈದು ಜನ ಇದರಿಂದ ಹದಿನೈದು ಕಥೆ ಬರೆದರು. ಒಂದರಲ್ಲಿ ಮಾತ್ರ ನೀರುಗಂಟಿಗೆ ನಿಜವಾಗಿಯೂ ನಿದ್ದೆ ಬಂದಿತ್ತು. ನನಗೆ ಇಷ್ಟವಾದದ್ದು ಅದೇ.

ಇಲ್ಲಿ ಓದುಗನಿಂದ ಏನನ್ನೂ ಮುಚ್ಚಿಟ್ಟಿಲ್ಲ ಎಂಬುದನ್ನು ಗಮನಿಸಿ. ಬೀಗ, ನೀರುಗಂಟಿ, ನಿದ್ದೆ ಎಲ್ಲವೂ ಬಯಲಿನಲ್ಲಿವೆ. ಇದಕ್ಕೆ ಬದಲು ‘ಆ ದೃಶ್ಯ ಕಂಡು ಅವನ ಎದೆ ಝಲ್ಲೆಂದಿತು’ ಎಂದು ಬರೆದು, ಯಾವ ದೃಶ್ಯ, ಯಾರು ಅವನು ಎಂಬುದನ್ನು ಎರಡು ಪುಟ ಹೇಳದೆ ಆಟವಾಡಿಸುವವರು ಬಹಳ. ಪಾತ್ರಕ್ಕೆ ಗೊತ್ತಿರುವುದನ್ನು ಓದುಗನಿಂದ ಬಚ್ಚಿಡುವುದು ಕುತೂಹಲವಲ್ಲ, ಸತಾಯಿಸುವುದು. ಒಂದು ಸಲ ಕ್ಷಮಿಸುತ್ತಾನೆ. ಎರಡನೆಯ ಸಲ ಪುಟ ತಿರುಗಿಸುತ್ತಾನೆ, ಅದೂ ಮುಂದಿನ ಕಥೆಗೆ.

ಸಾವಿನ ಬಗ್ಗೆ ಕೇಳಿದಿರಲ್ಲ, ನನ್ನದೇ ಒಂದು ಅನುಭವ ಹೇಳುತ್ತೇನೆ. ಮೂವತ್ತರ ಒಳಗಿನ ವಯಸ್ಸು. ವಿಶ್ವೇಶ್ವರಯ್ಯ ನಾಲೆಯಲ್ಲಿ ತೇಲಿಬಂದ ಒಂದು ಹೆಣದಿಂದ ಕಥೆ ಶುರು ಮಾಡಿದೆ. ಬಹಳ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ: ನಸುಕು, ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಇಣುಕುವ ಹಾಲಿನವನು, ನೀರಿನಲ್ಲಿ ಬಿಚ್ಚಿಕೊಂಡ ಹಸಿರು ಸೀರೆ. ಕಥೆ ಇದ್ದದ್ದು ತಾಯಿಯ ಹಿತ್ತಾಳೆ ಪಾತ್ರೆಗಳನ್ನು ಹಂಚಿಕೊಳ್ಳುವ ಅಕ್ಕತಂಗಿಯರ ಬಗ್ಗೆ. ಪತ್ರಿಕೆಯಿಂದ ಕಥೆ ಹಿಂದಿರುಗಿತು, ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ ಎರಡೇ ಪದ: ‘ಹೆಣ ಎಲ್ಲಿ?’ ಒಂದು ವಾರ ಸಿಟ್ಟು ಇಳಿಯಲಿಲ್ಲ. ಆಮೇಲೆ ಓದಿ ನೋಡಿದರೆ ಮೂರನೆಯ ಪ್ಯಾರಾದ ನಂತರ ಹೆಣದ ಸುಳಿವೇ ಇಲ್ಲ. ಓದುಗ ಕೊನೆಯವರೆಗೂ ಪಾತ್ರೆಗಳ ನಡುವೆ ಆ ಸೀರೆಯನ್ನು ಹುಡುಕುತ್ತಾ ಕುಳಿತಿರುತ್ತಾನೆ. ಆರಂಭದಲ್ಲಿ ಮಾಡಿದ ಸಾಲವನ್ನು ಕಥೆ ತೀರಿಸಲೇಬೇಕು, ನಾನು ಕೈಗಡ ಪಡೆದು ಊರು ಬಿಟ್ಟಿದ್ದೆ. ಆ ಕಥೆಯನ್ನು ಎಷ್ಟೋ ವರ್ಷದ ಮೇಲೆ ‘ದೊಡ್ಡ ಹಂಡೆ ಯಾರಿಗೂ ಬೇಡವಾಗಿತ್ತು’ ಎಂದು ಶುರು ಮಾಡಿ ತಿದ್ದಿದೆ. ಅಚ್ಚಾಯಿತು. ಹೆಣ ಇನ್ನೂ ನನ್ನ ಡೈರಿಯಲ್ಲಿದೆ, ಅದಕ್ಕೆ ಕಥೆ ಸಿಕ್ಕಿಲ್ಲ.

ಮಾತಿನಿಂದ ಶುರು ಮಾಡುವವರಿಗೆ ಕನ್ನಡ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ನಾವು ಸಂಬಂಧ ಹಿಡಿದು ಕರೆಯುವ ಜನ. ‘ಭಾವ’, ‘ಚಿಕ್ಕಮ್ಮ’, ‘ಅಣ್ಣಯ್ಯ’, ‘ಬುದ್ಧಿ’, ‘ಮೇಷ್ಟ್ರೇ’ ಎಂಬ ಒಂದು ಕರೆಯಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರು ಎತ್ತರ, ಯಾರು ತಗ್ಗು ಎಂಬುದು ತಿಳಿದುಬಿಡುತ್ತದೆ. ಧಣಿಯನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದವನು ಒಂದು ಬೆಳಗ್ಗೆ ಹೆಸರು ಹಿಡಿದು ಕರೆದರೆ ಅದೇ ಒಂದು ಕಥೆಯ ಆರಂಭ. ಪಾತ್ರಗಳಿಗೆ ಮಂಡ್ಯದ ಮಾತು ಕೊಡುವುದಾದರೆ ಮೊದಲ ಮಾತಿನಿಂದಲೇ ಕೊಡಿ. ಎರಡನೆಯ ಪುಟದಲ್ಲಿ ನೆನಪಾಗಿ ಕೊಟ್ಟರೆ ಬೇರೆ ಯಾರೋ ಬಂದು ಮಾತನಾಡಿದಂತೆ ಕೇಳುತ್ತದೆ.

ಈಗ ನಿಮ್ಮ ಕಥೆಯ ಮೂರನೆಯ ಪುಟಕ್ಕೆ ಬರುತ್ತೇನೆ. ನೀವು ಬರೆದದ್ದು:

“ಕೊಪ್ಪರಿಗೆಯ ಮುಂದೆ ನಿಂತಿದ್ದ ತಂದೆಯವರು ತಲೆ ಎತ್ತದೆ, ‘ಹದ ನೋಡು’ ಎಂದರು. ಸುರೇಶನಿಗೆ ನಂಬಿಕೆಯಾಗಲಿಲ್ಲ. ಹದ ನೋಡುವ ಕೆಲಸವನ್ನು ಅವರು ಈವರೆಗೆ ಯಾರ ಕೈಗೂ ಕೊಟ್ಟಿರಲಿಲ್ಲ.”

ನಿಮ್ಮ ಕಥೆ ಶುರುವಾಗಬೇಕಾದದ್ದು ಇಲ್ಲಿ. ಎಂದೂ ಕೊಡದಿದ್ದದ್ದನ್ನು ಕೊಟ್ಟ ಗಳಿಗೆ. ಹದ ಎಂಬುದು ಎಷ್ಟು ದೊಡ್ಡ ವಿಷಯ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಕರಗುತ್ತದೆ, ತಡವಾದರೆ ಹೊತ್ತಿ ಕಪ್ಪಾಗುತ್ತದೆ. ಇಡೀ ದಿನದ ಕಬ್ಬು, ಆಳುಗಳ ಕೂಲಿ, ಮಂಡಿಯಲ್ಲಿ ಸಿಗುವ ಬೆಲೆ ಎಲ್ಲವೂ ಆ ಒಂದು ಗಳಿಗೆಯಲ್ಲಿ. ಅದನ್ನು ಜಗಳ ಆಡಿಕೊಂಡು ಹೋದ ಮಗನ ಕೈಗೆ, ಅದೂ ಕೊನೆಯ ಕೊಪ್ಪರಿಗೆಯ ಹೊತ್ತಿನಲ್ಲಿ ಕೊಡುತ್ತಾನೆ. ಕ್ಷಮೆಯೇ, ಪರೀಕ್ಷೆಯೇ, ಇನ್ನೇನಾದರೂ ಆಗಲಿ ಎಂಬ ಉದಾಸೀನವೇ?

ಆದರೆ ಈ ವಾಕ್ಯಗಳಲ್ಲಿ ಒಂದು ವಿಷಯ ನನಗೆ ಚುಚ್ಚಿತು. ನಿಮ್ಮ ಪತ್ರದಲ್ಲಿ ‘ಅಪ್ಪ ಒಂದು ಮಾತೂ ಆಡಲಿಲ್ಲ, ಹದ ಮಾತ್ರ ನನ್ನ ಕೈಯಲ್ಲಿ ನೋಡಿಸಿದ’ ಎಂದು ಬರೆದಿದ್ದೀರಿ. ಕಥೆಯಲ್ಲಿ ಅವನು ‘ತಂದೆಯವರು’ ಆಗಿದ್ದಾನೆ, ‘ಎಂದರು’ ಬಂದಿದೆ. ನಿಮ್ಮ ಮನೆಯಲ್ಲಿ ಅಪ್ಪನನ್ನು ಏಕವಚನದಲ್ಲಿ ಕರೆಯುತ್ತೀರಿ ಎಂದು ಪತ್ರದಿಂದ ಗೊತ್ತಾಗುತ್ತದೆ. ಬರೆಯಲು ಕುಳಿತಾಗ ಯಾರೋ ದೊಡ್ಡವರು ಬಂದರೆಂದು ಎದ್ದು ನಿಂತು ಬಹುವಚನ ಹಚ್ಚಿದಿರಿ. ಕನ್ನಡದ ಕ್ರಿಯಾಪದ ಚಾಡಿಕೋರ. ‘ಬಂದ’, ‘ಬಂದನು’, ‘ಬಂದರು’ ಮೂರರಲ್ಲೂ ಬರುವ ಕೆಲಸ ಒಂದೇ, ಆದರೆ ಹೇಳುವವನು ಎಷ್ಟು ದೂರ ನಿಂತಿದ್ದಾನೆ ಎಂಬುದನ್ನು ಅದು ಮೊದಲ ಸಾಲಿನಲ್ಲೇ ಬಾಯಿಬಿಡುತ್ತದೆ. ‘ಬಂದರು’ ಎಂದರೆ ಗೌರವದ ಅಂತರ. ‘ಬಂದನು’ ಎಂದರೆ ಪಠ್ಯಪುಸ್ತಕದ ಅಂತರ. ‘ಬಂದ’ ಎಂದರೆ ಪಕ್ಕದಲ್ಲೇ ಇದ್ದೇನೆ ಎಂದು. ಇನ್ನೂ ಒಂದಿದೆ: ‘ಬಂದನಂತೆ’. ಅಜ್ಜಿಯ ಕಥೆಗಳೆಲ್ಲ ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಶುರುವಾಗುವುದು ಸುಮ್ಮನೆ ಅಲ್ಲ. ಆ ‘ಅಂತೆ’ಯಲ್ಲಿ ಅಜ್ಜಿ ತಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ ಎಂದು ಕೈತೊಳೆದುಕೊಂಡು, ಆಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳುವ ಹಕ್ಕು ಪಡೆಯುತ್ತಾಳೆ. ಊರಿನ ಬಾಯಿಂದ ಕಥೆ ಹೇಳಿಸುವುದಾದರೆ ಇಷ್ಟು ಒಳ್ಳೆಯ ಬಾಗಿಲು ಬೇರೆ ಇಲ್ಲ. ಮೊದಲ ವಾಕ್ಯ ಬರೆಯುವುದಕ್ಕೆ ಮುಂಚೆ ನಾನು ಹೆಚ್ಚು ಹೊತ್ತು ಕಳೆಯುವುದು ಈ ಪ್ರತ್ಯಯದ ಮೇಲೆಯೇ.

ನಿಮ್ಮ ಸಾಮಗ್ರಿಯನ್ನೇ ಜೋಡಿಸಿ ನೋಡಿದ್ದೇನೆ. ತಣ್ಣೀರಿನ ಬಟ್ಟಲು ನಿಮ್ಮ ನಾಲ್ಕನೆಯ ಪುಟದಿಂದ ಬಂದದ್ದು. ಕೊನೆಯ ಮೂರು ವಾಕ್ಯ ನನ್ನವು, ಬೇಡವಾದರೆ ಹೊಡೆದುಹಾಕಿ:

“‘ಹದ ನೋಡು’ ಎಂದ ಅಪ್ಪ, ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ. ಹದ ನೋಡುವ ಕೆಲಸವನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಿನಲ್ಲಿ ಉರುಳಿಸಿದೆ. ಉಂಡೆ ಕಟ್ಟಲಿಲ್ಲ. ‘ಆಗಿದೆ’ ಎಂದೆ. ಅಪ್ಪ ಕೊಪ್ಪರಿಗೆ ಇಳಿಸಲು ಆಳುಗಳನ್ನು ಕರೆದ.”

ಸುರೇಶ ಇಲ್ಲಿ ‘ನಾನು’ ಆಗಿರುವುದನ್ನು ನೋಡಿರಬಹುದು. ನಿಮ್ಮ ಕಥೆಯಲ್ಲಿ ಸುರೇಶನಿಗೆ ಕಾಣದ್ದು, ನಿರೂಪಕನಿಗೆ ಮಾತ್ರ ಕಾಣುವಂಥದ್ದು ಒಂದೂ ಇಲ್ಲ. ಹಾಗಿದ್ದ ಮೇಲೆ ಅವನಿಗೆ ಬೇರೆ ಹೆಸರೇಕೆ? ಮಗ ಸುಳ್ಳು ಹೇಳಿದ್ದು ತಪ್ಪು ಎನಿಸಿದರೆ, ನಿಜ ಹೇಳಿಸಿ. ಆಗ ಅಪ್ಪ ಏನು ಮಾಡುತ್ತಾನೆ ಎಂಬುದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ಮುಂದಿನ ಕಥೆಯ ಮೊದಲ ವಾಕ್ಯಕ್ಕಾಗಿ ಹದಿನೈದು ದಿನ ಪೆನ್ನು ಹಿಡಿದು ಕೂರಬೇಡಿ. ಮೊದಲ ಕರಡಿನಲ್ಲಿ ಸೂರ್ಯ ಬರಲಿ, ಮಳೆ ಬರಲಿ, 1911 ಬರಲಿ. ಬರೆಯುವವನಿಗೂ ಗಂಟಲು ಸರಿಮಾಡಿಕೊಳ್ಳಲು ಒಂದೆರಡು ಪುಟ ಬೇಕು. ಕಥೆ ಮುಗಿಸಿ. ಮುಗಿದ ಮೇಲೆ ಕೊನೆಯ ಪುಟವನ್ನು ಓದಿ, ತಕ್ಷಣ ಮೊದಲ ಪುಟಕ್ಕೆ ಬನ್ನಿ. ಆ ಕೊನೆಗೆ ಬೇಕಾದ ಮೊದಲು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ನಾನು ಇನ್ನೊಂದು ಉಪಾಯವನ್ನೂ ಮಾಡುತ್ತೇನೆ: ಸಾಹಿತ್ಯದ ಗೊಡವೆಯೇ ಇಲ್ಲದ ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಅವರೆಕಾಳು ಹಿಸುಕುತ್ತಾ ಕುಳಿತವರ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಅದಕ್ಕಿಂತ ಮೇಲಿನದನ್ನು ತೆಗೆದರೆ ಏನು ನಷ್ಟ ಎಂದು ನೋಡುತ್ತೇನೆ. ಎಷ್ಟೋ ಸಲ ನಷ್ಟವಾಗುವುದು ನನ್ನ ಜಂಬ ಮಾತ್ರ.

ಕಾದಂಬರಿಗೆ ಇಷ್ಟು ಆತುರ ಬೇಕಿಲ್ಲ. ನಾನ್ನೂರು ಪುಟ ನಡೆಯಲು ಒಪ್ಪಿ ಬಂದವನು ಮೊದಲ ಹತ್ತು ಪುಟ ನಿಮ್ಮ ಜೊತೆ ಊರು ಸುತ್ತಲು ಸಿದ್ಧನಿರುತ್ತಾನೆ. ಅದರ ಮಾತು ಬೇರೆ, ನೀವು ಕೇಳಿಯೂ ಇಲ್ಲ.

ಈ ಕಥೆಯನ್ನು ಮತ್ತೆ ಬರೆಯುವಾಗ ಮೊದಲ ಎರಡೂವರೆ ಪುಟಗಳನ್ನು ಹರಿದು ಎಸೆಯಬೇಡಿ. ಅದರಲ್ಲಿ ಒಂದು ವಾಕ್ಯ, ‘ಬಸ್ ನಿಲ್ದಾಣದಿಂದ ಮನೆಗೆ ಹೋಗುವಾಗ ಗಾಳಿಯಲ್ಲಿ ಬೆಲ್ಲದ ವಾಸನೆ ಇತ್ತು, ಆದರೆ ಒಂದೇ ಕಡೆಯಿಂದ’ ಎಂಬುದು, ಎಲ್ಲಾದರೂ ಸೇರಲೇಬೇಕು. ಊರಿನಲ್ಲಿದ್ದ ಉಳಿದ ಆಲೆಮನೆಗಳು ಆಗಲೇ ಮುಚ್ಚಿವೆ ಎಂದು ಅಷ್ಟರಲ್ಲೇ ತಿಳಿಯುತ್ತದೆ. ಅಚ್ಚುಗಳಿಗೆ ಬೆಲ್ಲ ಸುರಿದ ಮೇಲೆ ಅಪ್ಪ ಮಗ ಇಬ್ಬರೂ ಹೊರಗೆ ಬಂದು ನಿಲ್ಲುತ್ತಾರಲ್ಲ, ಏಳನೆಯ ಪುಟದಲ್ಲಿ, ಅಲ್ಲಿಗೆ ಹೊಂದಬಹುದು. ತಿದ್ದಿದ ಪ್ರತಿಯನ್ನು ಕಳುಹಿಸಿ. ಈ ಸಲ ‘ತಂದೆಯವರು’ ಎಂದಿದ್ದರೆ ಓದುವುದಿಲ್ಲ.